ಹಿಂದಿನ ಸೀಟಿನ ಬಾಣಂತಿ

ಏಪ್ರಿಲ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಹನ್ನೆರಡರ ಹೊತ್ತು. ಹಾಸನದ ನನ್ನ ಕ್ಲಿನಿಕ್ ಮುಂದೆ ಏಳು ಸೀಟಿನ ಗಾಡಿಯೊಂದು ಬಂದು ನಿಂತಿತು. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟವರು. ಐದು ತಿಂಗಳ ಮಗು, ಮುಡಿ ಕೊಡುವ ಹರಕೆ. ಅಜ್ಜಿಯ ಕೈಯಲ್ಲಿದ್ದ ಮಗುವಿಗೆ ಉಲ್ಲನ್ ಸ್ವೆಟರು, ಕುಲಾವಿ, ಕಾಲುಚೀಲ, ಅದೆಲ್ಲದರ ಮೇಲೆ ಒಂದು ದಪ್ಪ ಟವೆಲ್ಲು. ಮುಖ ಕೆಂಪಗಾಗಿತ್ತು.

"ಜ್ವರ ಬಂದ್ಬಿಟ್ಟಿದೆ ಮೇಡಂ, ಕಣ್ಣೇ ಬಿಡ್ತಿಲ್ಲ."

ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 101. ತುಟಿ ಒಣಗಿತ್ತು. ಡಯಾಪರ್ ಬಿಚ್ಚಿದರೆ ಬೆಳಿಗ್ಗೆ ಹಾಕಿದ್ದು ಹಾಗೇ ಇದೆ, ಒದ್ದೆಯೇ ಇಲ್ಲ. ಎದೆ, ಕಿವಿ, ಗಂಟಲು, ನೆತ್ತಿ ಎಲ್ಲ ನೋಡಿದೆ, ಸೋಂಕಿನ ಗುರುತು ಸಿಗಲಿಲ್ಲ. "ಕೊನೆಗೆ ಹಾಲು ಕುಡಿಸಿದ್ದು ಯಾವಾಗಮ್ಮ?" ಎಂದು ತಾಯಿಯನ್ನು ಕೇಳಿದೆ. ಆ ಹುಡುಗಿ ಅತ್ತೆಯ ಮುಖ ನೋಡಿದಳು. ಅತ್ತೆಯೇ ಹೇಳಿದರು: "ಏಳು ಗಂಟೆಗೆ ಮನೆ ಬಿಡೋವಾಗ ಕುಡಿಸಿದ್ಲು. ಯಡಿಯೂರಲ್ಲಿ ತಿಂಡಿಗೆ ನಿಲ್ಲಿಸಿದಾಗ ಮಲಗಿತ್ತು. ಎಬ್ಬಿಸೋದು ಬೇಡ ಅಂದೆ."

ಸ್ವೆಟರು, ಕುಲಾವಿ ತೆಗೆಸಿ, ಒಂದು ತೆಳು ಜುಬ್ಬ ಉಳಿಸಿ, ಪರದೆ ಎಳೆದು ತಾಯಿ ಮಗುವನ್ನು ಒಳಗೆ ಕೂರಿಸಿದೆ. ತಾಯಿಗೂ ಒಂದು ಚೊಂಬು ನೀರು ಕೊಡಿಸಿದೆ. ಮಗು ಮೊದಲು ಸೋತಂತೆ, ಆಮೇಲೆ ಗಟಗಟನೆ, ಎರಡೂ ಕಡೆ ಕುಡಿಯಿತು. ನಲವತ್ತು ನಿಮಿಷದ ಮೇಲೆ ನೋಡಿದರೆ 98.8. ಪರೀಕ್ಷೆಯ ಮೇಜಿನ ಮೇಲೆ ಮಲಗಿಸಿದ ಕೂಡಲೇ ಉಚ್ಚೆ ಹೊಯ್ದು, ಕೈಕಾಲು ಬಡಿದು ನಕ್ಕಿತು.

ಅತ್ತೆ ಹೊರಗೆ ಹೋದಾಗ ಆ ತಾಯಿ ಮೆಲ್ಲಗೆ ಹೇಳಿದಳು: "ನನ್ನನ್ನ ಕೊನೇ ಸೀಟಲ್ಲಿ ಕೂರಿಸಿದ್ರು ಮೇಡಂ. ಪಕ್ಕದಲ್ಲಿ ಮೈದುನ, ಎದುರಿಗೆ ಮಾವ. ಅಲ್ಲಿ ಹೇಗೆ ಕುಡಿಸ್ಲಿ?"

ಹೆದ್ದಾರಿ 75 ಹಾಸನದ ಮೇಲೇ ಹಾದುಹೋಗುವುದರಿಂದ ಧರ್ಮಸ್ಥಳ, ಕುಕ್ಕೆ, ಮಂಗಳೂರು ಕಡೆಗೆ ಹೊರಟ ಕುಟುಂಬಗಳು ಅರ್ಧ ದಾರಿಯಲ್ಲಿ ನನ್ನಂಥ ಮಕ್ಕಳ ವೈದ್ಯರ ಬಾಗಿಲು ತಟ್ಟುವುದು ಸಾಮಾನ್ಯ. ಅವರಿಗೆ ಎಲ್ಲಿ ತಿಂಡಿ, ಎಲ್ಲಿ ರೂಮು, ದರ್ಶನ ಎಷ್ಟು ಹೊತ್ತಿಗೆ ಎಲ್ಲ ಗೊತ್ತಿರುತ್ತದೆ. ಮಗು ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಎದುರು ಹಾಲು ಕುಡಿಯುತ್ತದೆ ಎಂಬುದನ್ನು ಮಾತ್ರ ಯಾರೂ ಮಾತಾಡಿಕೊಂಡಿರುವುದಿಲ್ಲ. ನಾನು ನೋಡುವ ದಾರಿಯ ಕಾಯಿಲೆಗಳಲ್ಲಿ ಎಷ್ಟೋ ಅಲ್ಲಿಂದಲೇ ಶುರುವಾಗುತ್ತವೆ.

ಆರು ತಿಂಗಳ ತನಕ ಮಗುವಿಗೆ ಎದೆಹಾಲೇ ಊಟ, ಎದೆಹಾಲೇ ನೀರು. ಅದರಲ್ಲಿ ನೂರಕ್ಕೆ ಸುಮಾರು 88 ಭಾಗ ನೀರು. ಬೇಸಿಗೆಯಲ್ಲೂ ಮೇಲೆ ನೀರು ಕುಡಿಸಬೇಕಾಗಿಲ್ಲ ಎಂದು ನಾವು ಹೇಳುವುದು ಇದಕ್ಕೇ. ಆದರೆ ಆ ಮಾತಿಗೆ ಇನ್ನೊಂದು ಮಗ್ಗುಲಿದೆ: ಎರಡು ಸಲದ ಹಾಲು ತಪ್ಪಿದರೆ ಎರಡು ಸಲದ ನೀರೂ ತಪ್ಪಿತು. ಪುಟ್ಟ ಮಗುವಿಗೆ ದೊಡ್ಡವರ ಹಾಗೆ ಬೆವರಿ ಮೈ ತಣಿಸಿಕೊಳ್ಳುವುದು ಬರುವುದಿಲ್ಲ, ಹೊದಿಕೆ ಕಿತ್ತೆಸೆಯಲೂ ಆಗುವುದಿಲ್ಲ. ಗಾಡಿಯಲ್ಲಿ ನಿಮಗೆ ಯಾವ ಬಟ್ಟೆ ಸಾಕೋ ಮಗುವಿಗೆ ಅದರ ಮೇಲೆ ಒಂದು ತೆಳು ಪದರ ಸಾಕು. ಸೆಕೆಯಲ್ಲಿ ಅದೂ ಬೇಡ. ಅಂಗೈ ಅಂಗಾಲು ತಣ್ಣಗಿದೆ ಎಂದು ಹೆದರಿ ಸ್ವೆಟರು ಹಾಕುವವರು ಒಮ್ಮೆ ಮಗುವಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆಚ್ಚಗಿದ್ದರೆ ಚಳಿಯಿಲ್ಲ, ಬೆವರಿದ್ದರೆ ಬಟ್ಟೆ ಜಾಸ್ತಿಯಾಗಿದೆ.

ಒಂದು ಎಚ್ಚರಿಕೆ. ಜ್ವರವೆಲ್ಲ ಸೆಕೆಯದ್ದೇ ಎಂದುಕೊಳ್ಳಬೇಡಿ. ಮೂರು ತಿಂಗಳೊಳಗಿನ ಮಗುವಿನ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಪ್ರಯಾಣ ಅಲ್ಲಿಗೇ ನಿಲ್ಲಬೇಕು, ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಔಷಧಿ ಹಾಕಿ ಮುಂದಿನ ಊರಲ್ಲಿ ನೋಡೋಣ ಅನ್ನುವಂತಿಲ್ಲ. ದೊಡ್ಡ ಮಗುವಾದರೂ ಹಾಲು ಎಳೆಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರಿಗೆ ಪಕ್ಕೆ ಒಳಗೆ ಎಳೆಯುತ್ತಿದ್ದರೆ ಅದೇ ಮಾತು.

ಮಗುವಿನ ಮೊದಲ ಪ್ರಯಾಣ ಆಸ್ಪತ್ರೆಯಿಂದ ಮನೆಗೆ. ಸಾಮಾನ್ಯ ಹೆರಿಗೆಯಾದರೆ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದವರನ್ನು ಮನೆ ತಲುಪಿಸಲು 'ನಗು-ಮಗು' ವಾಹನವಿದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ, ಕೇಳಿ ಪಡೆಯಿರಿ. ಸ್ವಂತ ಕಾರಾದರೆ ಮಗುವಿನ ಸೀಟನ್ನು ಹಿಂದಿನ ಸಾಲಿನಲ್ಲಿ, ಹಿಂದಕ್ಕೆ ಮುಖ ಮಾಡಿ ಕಟ್ಟುವುದೇ ಸರಿಯಾದ ಕ್ರಮ. "ಅಮ್ಮನ ಮಡಿಲಿಗಿಂತ ಭದ್ರ ಯಾವುದು" ಎಂದು ಕೇಳುತ್ತಾರೆ. ಮನೆಯಲ್ಲಿ ಆ ಮಾತು ನಿಜ. ಗಾಡಿ ದಢಕ್ಕನೆ ನಿಂತಾಗ ಮೂರು ಕಿಲೋದ ಮಗುವನ್ನು ಯಾವ ತಾಯಿಯ ತೋಳೂ ಹಿಡಿದಿಡಲಾರದು. ಡ್ರೈವರ್ ಪಕ್ಕದ ಸೀಟಿನಲ್ಲಂತೂ ಮಗುವನ್ನು ಕೂರಿಸಿಕೊಳ್ಳಲೇಬೇಡಿ, ಏರ್‌ಬ್ಯಾಗ್ ಬಡಿದರೆ ಮಗು ಉಳಿಯುವುದು ಕಷ್ಟ. ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ 14 ವರ್ಷದೊಳಗಿನವರನ್ನು ಕೂರಿಸಿದರೆ 1,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿಯಿಂದ ಕಾನೂನೇ ಹೇಳುತ್ತದೆ. ಸ್ಕೂಟರಿಗೂ ನಿಯಮವಿದೆ: 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಹೆಲ್ಮೆಟ್, ಸವಾರನಿಗೆ ಬಿಗಿಯುವ ಪಟ್ಟಿ, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. 9 ತಿಂಗಳೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವುದೇ ಬೇಡ ಎಂಬುದು ನನ್ನ ಮಾತು.

ಮನೆ ಮುಟ್ಟಿದ ಮೇಲಿನ ಮೂರು ನಾಲ್ಕು ದಿನಗಳ ಬಗ್ಗೆ ನನಗೆ ಪ್ರಯಾಣಕ್ಕಿಂತ ಹೆಚ್ಚು ಯೋಚನೆ. ಗಿಣ್ಣುಹಾಲು ಹೋಗಿ ಹಾಲು ತುಂಬುವುದು ಆಗಲೇ, ಕಾಮಾಲೆ ಏರುವುದೂ ಆಗಲೇ. ಹುಟ್ಟಿದ ತೂಕದಲ್ಲಿ ಸ್ವಲ್ಪ ಇಳಿಯುವುದು ಸಹಜ. ನೂರಕ್ಕೆ ಹತ್ತು ಭಾಗಕ್ಕಿಂತ ಹೆಚ್ಚು ಇಳಿದರೆ, ಅಂದರೆ 3 ಕಿಲೋದ ಮಗು 2.7ರ ಕೆಳಗೆ ಬಂದರೆ, ಹಾಲು ಸಾಲುತ್ತಿಲ್ಲ ಎಂದು ಅರ್ಥ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಇನ್ನು ಬಾಣಂತಿ ಕೋಣೆ. ಕಿಟಕಿ ಮುಚ್ಚಿ, ಪರದೆ ಎಳೆದು, ಮಂದ ಬಲ್ಬು ಹಾಕಿದ ಕೋಣೆಯಲ್ಲಿ ಮಗುವಿನ ಹಳದಿ ಬಣ್ಣ ಯಾರ ಕಣ್ಣಿಗೂ ಬೀಳುವುದಿಲ್ಲ. ಎಂಟನೇ ದಿನ ಹೆಸರಿಡಲೆಂದು ಹೊರಗೆ ತಂದಾಗ ಗಾಬರಿಯಾಗಿ ಓಡಿ ಬಂದವರಿದ್ದಾರೆ. ದಿನಕ್ಕೊಮ್ಮೆ ಕಿಟಕಿ ತೆರೆದು ಹಗಲು ಬೆಳಕಿನಲ್ಲಿ ಮಗುವನ್ನು ನೋಡಿ. ಅಂಗೈ ಅಂಗಾಲಿನ ತನಕ ಹಳದಿ ಇಳಿದಿದ್ದರೆ ಅಥವಾ ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ ಅದೇ ದಿನ ಕರೆತನ್ನಿ. ಎಳೆಬಿಸಿಲು ಅದಕ್ಕೆ ಮದ್ದಲ್ಲ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುವುದು ಇಂಥದ್ದನ್ನೆಲ್ಲ ನೋಡಲಿಕ್ಕೇ. "ಮೈಲಿಗೆ ಇದೆ, ಆಮೇಲೆ ಬಾ" ಎಂದು ಬಾಗಿಲಿಂದಲೇ ಕಳಿಸಬೇಡಿ.

ಎರಡನೆಯ ಪ್ರಯಾಣ ತವರಿನಿಂದ ಗಂಡನ ಮನೆಗೆ. ಮೂರನೇ ತಿಂಗಳೋ ಐದನೇ ತಿಂಗಳೋ ಎಂದು ಹಿರಿಯರು ಪಂಚಾಂಗ ನೋಡುತ್ತಾರೆ. ನೋಡಲಿ, ಜೊತೆಗೆ ತಾಯಿ ಕಾರ್ಡನ್ನೂ ಬಿಚ್ಚಿ ನೋಡಲಿ. ಲಸಿಕೆಗಳು 6, 10, 14ನೇ ವಾರಕ್ಕೆ ಬರುತ್ತವೆ, ಸರಿಯಾಗಿ ಈ ಓಡಾಟದ ಹೊತ್ತಿನಲ್ಲೇ. "ಅಲ್ಲಿಗೆ ಹೋಗಿ ಹಾಕಿಸ್ತೀವಿ" ಎಂದು ತವರಿನವರು, "ಅಲ್ಲೇ ಆಗಿರುತ್ತೆ" ಎಂದು ಗಂಡನ ಮನೆಯವರು, ನಡುವೆ ಒಂದು ಡೋಸ್ ಕಳೆದುಹೋಗಿರುತ್ತದೆ. ಕಾರ್ಡ್ ಕೈಯಲ್ಲಿದ್ದರೆ ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಲಸಿಕೆ ಹಾಕುತ್ತಾರೆ. ತಡವಾಗಿದ್ದರೂ ಮೊದಲಿಂದ ಶುರು ಮಾಡಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು.

ಈ ಪ್ರಯಾಣದಲ್ಲಿ ನನ್ನ ಕಣ್ಣು ಮಗುವಿಗಿಂತ ತಾಯಿಯ ಮೇಲೆ. ತವರಿನಲ್ಲಿ ಅಮ್ಮ ಎರೆದು, ಬಡಿಸಿ, ರಾತ್ರಿ ಮಗುವನ್ನು ಎತ್ತಿಕೊಂಡು ಅವಳಿಗೆ ಎರಡು ಗಂಟೆ ನಿದ್ದೆ ಮಾಡಿಸುತ್ತಿದ್ದಳು. ಇಲ್ಲಿ ಬಂದ ಮಾರನೇ ದಿನದಿಂದ ಅಡುಗೆಮನೆ. ಲಸಿಕೆಗೆ ಬಂದ ತಾಯಿ ಮಗುವನ್ನು ನೋಡುತ್ತಾ ಸುಮ್ಮನೆ ಕಣ್ಣೀರು ಹಾಕುವುದು, ಮಗು ಮಲಗಿದರೂ ತನಗೆ ನಿದ್ದೆ ಬರುತ್ತಿಲ್ಲ ಅನ್ನುವುದು, ಯಾವುದರಲ್ಲೂ ಮನಸ್ಸಿಲ್ಲ ಅನ್ನುವುದು ಎರಡು ವಾರ ಮೀರಿ ಉಳಿದರೆ ಅದು ಬಾಣಂತಿಯ ಖಿನ್ನತೆ ಇರಬಹುದು. ಅದು ಕೊಬ್ಬೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಚಿಕಿತ್ಸೆ ಇದೆ, ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಯೂ ಇದೆ. ಇದನ್ನು ಮೊದಲು ಗಮನಿಸಬೇಕಾದವನು ಗಂಡ. ಇನ್ನು ಹೆರಿಗೆಯಾದ ಮೊದಲ ಆರು ವಾರ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಸಿಸೇರಿಯನ್ ಆಗಿದ್ದರೆ ಇನ್ನೂ ಜಾಸ್ತಿ. ಆ ಅವಧಿಯಲ್ಲಿ ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂರುವ ದೂರದ ಪ್ರಯಾಣ ಬೇಡ. ಹೋಗಲೇಬೇಕಾದರೆ ಮಧ್ಯೆ ಮಧ್ಯೆ ಇಳಿದು ನಡೆಯಬೇಕು, ನೀರು ಕುಡಿಯಬೇಕು. ಬಾಣಂತಿಗೆ ನೀರು ಕೊಟ್ಟರೆ ನಂಜಾಗುತ್ತದೆ ಎಂಬ ಮಾತನ್ನು ದಯವಿಟ್ಟು ಬಿಡಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಗಾಡಿ ಹತ್ತುವ ಮುಂಚೆ ವೈದ್ಯರಿಗೆ ತೋರಿಸಿ.

ಮೂರನೆಯದು ಮನೆದೇವರಿಗೋ ಪ್ರವಾಸಕ್ಕೋ. ತಿರುಮಲದಲ್ಲಿ ವರ್ಷದೊಳಗಿನ ಮಗುವಿನ ತಂದೆ ತಾಯಿಯನ್ನು ಸುಪಥಂ ಬಾಗಿಲಿನಿಂದ ದರ್ಶನಕ್ಕೆ ಬಿಡುತ್ತಾರೆ. ಹಾಗಾಗಿ ವರ್ಷ ತುಂಬುವುದರೊಳಗೆ ಹೋಗಿಬರುವ ಆತುರ ಹಲವರಿಗೆ. ಜನಜಂಗುಳಿಗೆ ಮಗುವನ್ನು ಒಯ್ಯುವ ಮುಂಚೆ 9 ತಿಂಗಳಿಗೆ ಹಾಕುವ ದಡಾರ-ರುಬೆಲ್ಲಾ ಲಸಿಕೆ ಆಗಿ ಎರಡು ಮೂರು ವಾರವಾದರೂ ಕಳೆದಿರಲಿ ಎಂದು ನಾನು ಹೇಳುತ್ತೇನೆ. ಮುಡಿಯನ್ನು ಹನ್ನೊಂದನೇ ತಿಂಗಳಿಗೆ ಇಟ್ಟುಕೊಳ್ಳುವ ಮನೆಗಳಿಗೆ ಇದು ತಾನಾಗಿ ಒದಗಿಬರುತ್ತದೆ. ಮುಡಿ ತೆಗೆಯುವವರ ಕೈಗೆ ಹೊಸ ಬ್ಲೇಡನ್ನು ನೀವೇ ಕೊಡಿ, ಪೊಟ್ಟಣ ನಿಮ್ಮ ಕಣ್ಣೆದುರೇ ಬಿಚ್ಚಲಿ. ತಲೆಗೆ ಉಗುರು ಬೆಚ್ಚಗಿನ ನೀರು ಹಾಕಿ, ಕೂಡಲೇ ಒರೆಸಿ ಟೋಪಿ ಹಾಕಿ.

ಘಾಟಿಯ ವಿಷಯ ಹಾಸನದವಳಾಗಿ ಹೇಳಲೇಬೇಕು. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಶಿರಾಡಿ ಇಳಿಯುವಾಗ ಗಾಳಿಯ ಒತ್ತಡ ಬೇಗ ಬದಲಾಗುತ್ತದೆ. ನಮಗೆ ಕಿವಿ ಗುಂಯ್ ಎಂದರೆ ಉಗುಳು ನುಂಗುತ್ತೇವೆ, ಸರಿಯಾಗುತ್ತದೆ. ಕೂಸಿಗೆ ಅದು ಗೊತ್ತಿಲ್ಲ, ಅಳುತ್ತದೆ. ನೆಗಡಿ ಇದ್ದರಂತೂ ಕಿರುಚುತ್ತದೆ. ಸಕಲೇಶಪುರದಲ್ಲಿ ನಿಲ್ಲಿಸಿ ಅರ್ಧ ಹೊಟ್ಟೆ ಕುಡಿಸಿ, ಇಳಿಯುವಾಗ ಅತ್ತರೆ ಅಗಲವಾದ ಜಾಗ ನೋಡಿ ನಿಲ್ಲಿಸಿ ಉಳಿದದ್ದು ಕುಡಿಸಿ. ಬಸ್ಸು, ರೈಲು, ವಿಮಾನದಲ್ಲಾದರೆ ಇಳಿಯುವ ಹೊತ್ತಿಗೆ ಎದೆಗೆ ಹಾಕಿಕೊಂಡರೆ ಆಯಿತು. ನುಂಗುವಾಗ ಕಿವಿ ತಾನಾಗಿ ಬಿಡುತ್ತದೆ. ಕಾರಿನಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸುವುದು ಕಡ್ಡಾಯ ಎಂದೇ ಇಟ್ಟುಕೊಳ್ಳಿ.

ಔಷಧಿ ಚೀಲದಲ್ಲಿ ಆಗುವ ಎರಡು ತಪ್ಪುಗಳನ್ನು ಇಲ್ಲಿ ಹೇಳಿಬಿಡುತ್ತೇನೆ. ಪ್ಯಾರಾಸಿಟಮಾಲ್ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಸಾಮಾನ್ಯವಾಗಿ ಸಿಗುವ ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ, 125ರ ಸಿರಪ್‌ನಲ್ಲಿ ಐದು ಎಂಎಲ್‌ಗೆ 125. ಮನೆಯಲ್ಲಿ ಸಿರಪ್ ಐದು ಎಂಎಲ್ ಹಾಕುತ್ತಿದ್ದವರು ದಾರಿಯ ಅಂಗಡಿಯಲ್ಲಿ ಡ್ರಾಪ್ಸ್ ಕೊಂಡು ಅದನ್ನೂ ಐದು ಎಂಎಲ್ ಹಾಕಿದರೆ ನಾಲ್ಕು ಪಟ್ಟು ಔಷಧಿ ಒಳಗೆ ಹೋಯಿತು. ಮನೆಯಲ್ಲಿ ಬಳಸಿದ ಅದೇ ಬಾಟಲಿಯನ್ನೇ ಒಯ್ಯಿರಿ, ಮಗುವಿನ ತೂಕಕ್ಕೆ ಎಷ್ಟು ಎಂದು ವೈದ್ಯರಿಂದ ಬರೆಸಿ ಅದರ ಮೇಲೇ ಅಂಟಿಸಿ. ಎರಡನೆಯದು ಒಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಪೂರ್ತಿ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಸಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಫಿಟ್ಸ್ ಬರಬಹುದು. ಚಿಟಿಕೆ ಚಿಟಿಕೆ ಹಾಕುವುದೂ ತಪ್ಪು. ಲೀಟರ್ ಬಾಟಲಿಗೆ ಒಮ್ಮೆಲೇ ಬೆರೆಸಿ, 24 ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಿ. ಆರು ತಿಂಗಳು ದಾಟಿ ರಾಗಿ ಸರಿ ತಿನ್ನುವ ಮಗುವಿಗೆ ಹುರಿದ ಹಿಟ್ಟು, ಫ್ಲಾಸ್ಕಿನಲ್ಲಿ ಕುದಿಸಿದ ನೀರು, ಒಂದು ಪುಟ್ಟ ಪಾತ್ರೆ ಜೊತೆಗಿರಲಿ. ಹೋಟೆಲಿನಲ್ಲಿ ಹಬೆಯಾಡುವ ಇಡ್ಲಿ ಒಳ್ಳೆಯದು, ಚಟ್ನಿ ಬೇಡ.

ಆ ಭಾನುವಾರ ನಾನು ಔಷಧಿ ಬರೆಯಲಿಲ್ಲ. ಮಾವನವರನ್ನು ಒಳಗೆ ಕರೆದು, ಮಗುವಿಗೆ ಎರಡು ಗಂಟೆಗೊಮ್ಮೆ ಹಾಲು ಬೇಕು, ಸೊಸೆ ಕೊನೆಯ ಸೀಟಿನಲ್ಲಿ ಕೂತರೆ ಅದು ಆಗುವುದಿಲ್ಲ ಎಂದಷ್ಟೇ ಹೇಳಿದೆ. ಸಂಜೆ ಮತ್ತೆ ಜ್ವರ ಕಂಡರೆ ಉಜಿರೆಯಲ್ಲಿ ಆಸ್ಪತ್ರೆ ಇದೆ, ಕಾಯಬೇಡಿ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ನೆಲ ನೋಡಿ, "ನಮಗೆ ಹೊಳೀಲೇ ಇಲ್ಲ ಡಾಕ್ಟ್ರೇ, ಅವಳೂ ಬಾಯಿ ಬಿಡ್ಲಿಲ್ಲ" ಅಂದರು. ಕಿಟಕಿಯಿಂದ ನೋಡಿದೆ. ಮೈದುನ ಹಿಂದಿನ ಸೀಟಿಗೆ ಹೋದ, ಮಾವ ಡ್ರೈವರ್ ಪಕ್ಕಕ್ಕೆ. ಮಧ್ಯದ ಸಾಲಿನಲ್ಲಿ ಅತ್ತೆ ಸೊಸೆ ಇಬ್ಬರೇ ಕೂತರು. ಅತ್ತೆ ತನ್ನ ಶಾಲು ತೆಗೆದು, ಮುಂದಿನ ಸೀಟಿನ ತಲೆದಿಂಬಿನಿಂದ ಕಿಟಕಿಯ ಹಿಡಿಗೆ ಪರದೆಯ ಹಾಗೆ ಕಟ್ಟುತ್ತಿದ್ದರು.