ಲೀಸ್ ಅಂತ ಬರೆದ ಪತ್ರದೊಳಗೆ ಇರುವುದು ಲೀಸೇನಾ?

"ಮೇಡಂ, ಮನೆ ಲೀಸ್‌ಗೆ ಹಾಕ್ಕೊಂಡಿದ್ದೀವಿ. ಅಗ್ರಿಮೆಂಟ್ ಇದೆ, ನೋಟರಿನೂ ಆಗಿದೆ. ಏನೂ ತೊಂದರೆ ಇಲ್ಲ ಅಲ್ವಾ?" ಬೆಂಗಳೂರಿನಲ್ಲಿ ಆಸ್ತಿ ವಿಷಯದ ವಕೀಲಿಕೆ ಮಾಡುವ ಯಾರನ್ನೇ ಕೇಳಿ, ಈ ಪ್ರಶ್ನೆ ಅವರಿಗೆ ಬಾಯಿಪಾಠ ಆಗಿರುತ್ತದೆ. ಇವರು ಲೀಸ್ ಅನ್ನುವುದು ಓನರ್‌ಗೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಆ ಹಣ ಪೂರ್ತಿ ವಾಪಸ್ ಪಡೆಯುವ ಏರ್ಪಾಡಿಗೆ. ನನಗೆ ಇದು ಕೇಳಿದಾಗೆಲ್ಲ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಏಕೆಂದರೆ ಕೇಳುವವರು ಊರಿನ ಸೈಟು ಮಾರಿಯೋ, ಚೀಟಿ ಎತ್ತಿಯೋ, ಒಡವೆ ಅಡವಿಟ್ಟೋ ಹಣ ಹೊಂದಿಸಿದವರು. ಮತ್ತು ಅವರು ನನ್ನ ಹತ್ತಿರ ಬರುವುದು ಹಣ ಕೊಟ್ಟಾದ ಮೇಲೆ.

ಆ ಅಗ್ರಿಮೆಂಟ್ ಬಿಚ್ಚಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ. ಇ-ಸ್ಟಾಂಪ್ ಕಾಗದ. ತಲೆಯ ಮೇಲೆ ದಪ್ಪ ಅಕ್ಷರದಲ್ಲಿ 'ಲೀಸ್ ಅಗ್ರಿಮೆಂಟ್'. ಅವಧಿ 11 ತಿಂಗಳು, ಇಲ್ಲವೇ 3 ವರ್ಷ. ನಾಲ್ಕನೆಯದೋ ಐದನೆಯದೋ ಷರತ್ತಿನಲ್ಲಿ ಒಂದು ಸಾಲು: 'ಹಣಕ್ಕೆ ಬಡ್ಡಿ ಇಲ್ಲ, ಮನೆಗೆ ಬಾಡಿಗೆ ಇಲ್ಲ.' ಟೈಪ್ ಮಾಡುವವರು ಹಳೇ ಫೈಲ್ ತೆಗೆದು ಹೆಸರು, ಮೊತ್ತ ಬದಲಾಯಿಸುತ್ತಾರೆ. ಈ ಸಾಲನ್ನು ಯಾರೂ ಮುಟ್ಟುವುದಿಲ್ಲ. ನಾನು ಮೊದಲು ಓದುವುದೇ ಇದನ್ನು.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ನಿಧಾನವಾಗಿ ಓದಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 105 ಲೀಸ್ ಅಂದರೇನು ಅಂತ ಹೇಳುತ್ತದೆ. ಒಂದು ಬೆಲೆಗೆ ಬದಲಾಗಿ ಸ್ಥಿರಾಸ್ತಿಯನ್ನು ಅನುಭವಿಸುವ ಹಕ್ಕು ಕೊಡುವುದೇ ಲೀಸ್. ಆ ಬೆಲೆ ತಿಂಗಳ ಬಾಡಿಗೆ ಆಗಿರಬಹುದು, ಬೆಳೆಯಲ್ಲಿ ಪಾಲು ಆಗಿರಬಹುದು, ಒಂದೇ ಸಲ ಕೊಡುವ ಮೊತ್ತವೂ ಆಗಿರಬಹುದು. ಆದರೆ ಅದು ಬೆಲೆ. ಕೊಟ್ಟರೆ ಹೋಯಿತು, ವಾಪಸ್ ಬರುವುದಿಲ್ಲ. ನೀವು ಓನರ್‌ಗೆ 15 ಲಕ್ಷ ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ, ಅದು ಹಾಗಲ್ಲ. ಮನೆ ಬಿಡುವಾಗ ಪೂರ್ತಿ ವಾಪಸ್ ಬರಬೇಕು. ಹಾಗೆ ವಾಪಸ್ ಬರಬೇಕಾದ ಹಣಕ್ಕೆ ಸಾಲ ಅಂತಾರೆ. ಓನರ್ ನಿಮ್ಮಿಂದ ಸಾಲ ಪಡೆದರು, ಬಡ್ಡಿ ಕೊಡುವ ಬದಲು ಮನೆ ಕೊಟ್ಟರು. ಇದು ಅದೇ ಕಾಯ್ದೆಯ ಸೆಕ್ಷನ್ 58ರಲ್ಲಿ ಬರುವ ಭೋಗ್ಯದ ಅಡಮಾನಕ್ಕೆ ಹತ್ತಿರದ್ದು. ಸಾಲ ತೀರುವ ತನಕ ಆಸ್ತಿ ಸಾಲ ಕೊಟ್ಟವರ ಸ್ವಾಧೀನದಲ್ಲಿ ಇರುತ್ತದೆ, ಅದರ ಅನುಭವವೇ ಬಡ್ಡಿಗೆ ಸಮ.

ಹಾಗಾದರೆ ಲೀಸ್ ಯಾವುದು? ನಿಮ್ಮ ಪಕ್ಕದ ಮನೆಯವರು ತಿಂಗಳಿಗೆ 18,000 ಬಾಡಿಗೆ ಕಟ್ಟಿಕೊಂಡು ಇದ್ದಾರಲ್ಲ, ಕಾನೂನಿನ ಪ್ರಕಾರ ಅವರದ್ದು ಲೀಸ್. ರೆಂಟ್ ಅಂದರೆ ಅವರು ಕೊಡುವ ಹಣ, ಲೀಸ್ ಅಂದರೆ ಆ ಹಣಕ್ಕೆ ಸಿಕ್ಕ ಹಕ್ಕು. ಒಂದು ಇನ್ನೊಂದಕ್ಕೆ ವಿರುದ್ಧ ಅಲ್ಲ. 'ರೆಂಟಾ, ಲೀಸಾ?' ಅಂತ ಬ್ರೋಕರ್ ಕೇಳುವ ಪ್ರಶ್ನೆ ನಮ್ಮೂರಿನ ರೂಢಿಯದ್ದು, ಕಾಯ್ದೆಯದ್ದಲ್ಲ.

ನಮ್ಮ ಭಾಷೆಯಲ್ಲಿ ಈ ಗೊಂದಲ ಇರಲಿಲ್ಲ. ಮನೆಗೆ, ಅಂಗಡಿಗೆ ಬಾಡಿಗೆ. ಮಾವಿನ ತೋಪು, ಕೆರೆ, ಗಣಿ ಇವಕ್ಕೆ ಗುತ್ತಿಗೆ. ಗದ್ದೆಗೆ ಗೇಣಿ, ಅದರಲ್ಲೂ ಕರಾವಳಿಯವರು ಮೂಲಗೇಣಿ (ಶಾಶ್ವತ), ಚಾಲಗೇಣಿ (ತಾತ್ಕಾಲಿಕ) ಅಂತ ಬೇರೆ ಮಾಡುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಹೊಲ ಲಾವಣಿಗೆ ಕೊಡುತ್ತಾರೆ. ಹಣ ಕೊಟ್ಟು ಬಡ್ಡಿಗೆ ಬದಲು ಆಸ್ತಿ ಅನುಭವಿಸಿದರೆ ಅದು ಭೋಗ್ಯ. ಮೈಸೂರು ಕಡೆ ಹಿರಿಯರು ಈಗಲೂ 'ಮನೆ ಭೋಗ್ಯಕ್ಕೆ ಹಾಕಿದ್ದೀವಿ' ಅಂತಾರೆ, ಸರಿಯಾಗಿಯೇ ಹೇಳುತ್ತಾರೆ. ಇಂಗ್ಲಿಷಿನ ಲೀಸ್‌ನಲ್ಲಿ ಬಾಡಿಗೆ, ಗುತ್ತಿಗೆ, ಗೇಣಿ, ಲಾವಣಿ ನಾಲ್ಕೂ ಸೇರುತ್ತವೆ. ಸೇರದೇ ಇರುವುದು ಭೋಗ್ಯ ಒಂದೇ. ನಾವು ಮಾತ್ರ ಅದಕ್ಕೇ ಆ ಹೆಸರಿಟ್ಟೆವು.

ಹೊಲದ ಮಾತು ಬಂತಲ್ಲ, ಒಂದು ಎಚ್ಚರಿಕೆ. ಭೂಸುಧಾರಣೆಯ ತಿದ್ದುಪಡಿ 1974ರಲ್ಲಿ ಬಂದ ಮೇಲೆ ಕರ್ನಾಟಕದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ಸೈನಿಕರು ಮುಂತಾದವರಿಗೆ ಮಾತ್ರ ವಿನಾಯಿತಿ ಇದೆ. ಶುಂಠಿ ಬೆಳೆಯೋಕೆ ಜಮೀನು ಲೀಸ್‌ಗೆ ಹಿಡಿಯುವವರು ಕಾಗದ ಮಾಡಿಸುವ ಮುಂಚೆ ನಿಮ್ಮ ತಾಲ್ಲೂಕಿನ ವಕೀಲರನ್ನು ಒಮ್ಮೆ ಕೇಳಿ.

ಮನೆಗೆ ಬರೋಣ. 'ಹೆಸರಲ್ಲೇನಿದೆ ಮೇಡಂ, ಹಣ ವಾಪಸ್ ಬಂದರೆ ಸಾಕು' ಅನ್ನುತ್ತಾರೆ. ಹಣ ವಾಪಸ್ ಬರುವುದಕ್ಕೇ ಇದು ಮುಖ್ಯ. ಒಂದು ವರ್ಷ ಮೀರಿದ ಲೀಸ್ ಆದರೆ ನೋಂದಣಿ ಆಗಲೇಬೇಕು. ಅದನ್ನು ತಪ್ಪಿಸಲಿಕ್ಕೆ ಬಹಳ ಜನ 11 ತಿಂಗಳು ಅಂತ ಬರೆಸುತ್ತಾರೆ. ಬಾಡಿಗೆ ಮನೆಗೆ ಅದು ನಡೆಯುತ್ತದೆ. ಭೋಗ್ಯದ ಅಡಮಾನಕ್ಕೆ ಈ 11 ತಿಂಗಳ ಉಪಾಯ ನಡೆಯುವುದಿಲ್ಲ. ಸಾಲದ ಮೊತ್ತ 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅಡಮಾನ ಪತ್ರ ನೋಂದಣಿ ಆಗಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು ಅಂತ ಸೆಕ್ಷನ್ 59 ಹೇಳುತ್ತದೆ. ಅವಧಿಯ ಮಾತೇ ಅಲ್ಲಿಲ್ಲ. ನೋಟರಿ ಸೀಲು ನೋಂದಣಿ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ: ನೋಟರಿ ಸೀಲು ನೋಂದಣಿ ಅಲ್ಲ. ನೋಂದಣಿ ಆಗದಿದ್ದರೆ ಹಣ ಕೇಳುವ ಹಕ್ಕು ಓನರ್ ಮೇಲೆ ಉಳಿಯಬಹುದು, ಮನೆಯ ಮೇಲಿನ ಹಿಡಿತ ಕೈತಪ್ಪುತ್ತದೆ.

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಬಂದಿದ್ದರು. ಮೊದಲ ಮಹಡಿಯ ಮನೆ, 12 ಲಕ್ಷ ಕೊಟ್ಟಿದ್ದರು. ಓನರ್ ಆ ಕಟ್ಟಡದ ಮೇಲೆ ಮೊದಲೇ ಬ್ಯಾಂಕ್ ಸಾಲ ಮಾಡಿದ್ದರು, ಕಂತು ನಿಲ್ಲಿಸಿದ್ದರು. ಗೇಟಿಗೆ ಬ್ಯಾಂಕಿನವರು ನೋಟಿಸ್ ಅಂಟಿಸಿದ್ದರು. ಅದರ ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸುತ್ತಾ ಕೇಳಿದರು, "ಸಾಲ ತಿಂದಿದ್ದು ಅವರು ಮೇಡಂ, ನಮ್ಮನ್ನ ಯಾಕೆ ಖಾಲಿ ಮಾಡಿಸ್ತಾರೆ?"

ನ್ಯಾಯವಾದ ಪ್ರಶ್ನೆ. ಆದರೆ 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು 60 ದಿನದ ನೋಟಿಸ್ ಕೊಟ್ಟು, ಸಾಲ ಕಟ್ಟದಿದ್ದರೆ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಮನೆಯಲ್ಲಿ ಇರುವವರು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ನೋಡುವುದು ಇಷ್ಟು: ನಿಮ್ಮ ಪತ್ರ ನೋಂದಣಿ ಆಗಿದೆಯಾ, ಬ್ಯಾಂಕಿನ ಅಡಮಾನಕ್ಕಿಂತ ಮುಂಚಿನದಾ, ಕಾನೂನಿಗೆ ಒಪ್ಪುವಂಥದ್ದಾ. ಆಸ್ತಿ ಅಡವಿಟ್ಟ ಓನರ್ ಆಮೇಲೆ ಅದನ್ನು ಲೀಸ್‌ಗೆ ಕೊಡಬಹುದು, ಆದರೆ ನ್ಯಾಯವಾದ ಬಾಡಿಗೆಗೇ ಕೊಡಬೇಕು, ಒಂದೇ ಗಂಟಿನ ಹಣ ಅಥವಾ ಮುಂಗಡ ಬಾಡಿಗೆ ಪಡೆಯಬಾರದು, ಕಟ್ಟಡವಾದರೆ 3 ವರ್ಷ ಮೀರಬಾರದು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 65ಎ ಹೇಳುತ್ತದೆ. ಅಡಮಾನ ಪತ್ರದಲ್ಲಿ ಬ್ಯಾಂಕು ಇನ್ನೂ ಬಿಗಿ ಷರತ್ತು ಹಾಕಿರಬಹುದು. ಆ ಅಕ್ಕನ ಕಾಗದದಲ್ಲಿ ಬಾಡಿಗೆಯೇ ಇಲ್ಲ, ಗಂಟು ಹಣ ಇದೆ, ನೋಂದಣಿ ಇಲ್ಲ. ಅವರು ಮನೆ ಖಾಲಿ ಮಾಡಬೇಕಾಯಿತು. ಓನರ್ ಮೇಲೆ ಹಣ ವಸೂಲಿ ದಾವೆ ಹಾಕಿದ್ದೇವೆ, ನಡೆಯುತ್ತಿದೆ.

ಎಲ್ಲ ಕೇಸೂ ಹೀಗೇ ಆಗುತ್ತದೆ ಅನ್ನುತ್ತಿಲ್ಲ. ಕೋರ್ಟು ತಲೆಬರಹ ನೋಡಿ ತೀರ್ಮಾನ ಮಾಡುವುದಿಲ್ಲ, ಇಡೀ ಪತ್ರ ಓದುತ್ತದೆ. ಒಂದೊಂದು ಪತ್ರದ ಒಕ್ಕಣೆಯೂ ಬೇರೆ. ನಿಮ್ಮದು ಯಾವ ಥರ ಅಂತ ಕಾಗದ ನೋಡದೆ ನಾನೂ ಹೇಳಲಾರೆ, ಬೇರೆ ಯಾರೂ ಹೇಳಬಾರದು.

ಹಣ ಕೊಡುವ ಮುಂಚೆ ಬಂದವರಿಗೆ ನಾನು ಹೇಳುವುದು ಹೀಗೆ. ಓನರ್ ಹತ್ತಿರ ಮೂಲ ಕ್ರಯಪತ್ರ ಕೇಳಿ, ಜೆರಾಕ್ಸ್ ಬೇಡ. 'ಲಾಕರ್‌ನಲ್ಲಿದೆ' ಅಂದರೆ ಲಾಕರ್‌ನಿಂದ ತರುವ ತನಕ ಕಾಯಿರಿ. ಬ್ಯಾಂಕಿನಲ್ಲಿ ಅಡವಿಟ್ಟವರು ಮೂಲ ಪತ್ರ ತೋರಿಸಲಾರರು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿ ಆದ ಸಾಲ, ವಹಿವಾಟು ತೋರಿಸುವ ಋಣಭಾರ ಪತ್ರ ತೆಗೆಯಿರಿ. ಪತ್ರಗಳನ್ನು ಠೇವಣಿ ಇಟ್ಟು ಮಾಡಿದ ಸಾಲ ಇಸಿಯಲ್ಲಿ ಕಾಣದೆಯೂ ಇರಬಹುದು, ಅದಕ್ಕೆ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕಬಹುದು. ಇವೆಲ್ಲ ಸರಿ ಇದ್ದರೆ ಭೋಗ್ಯದ ಅಡಮಾನ ಅಂತಲೇ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಮುದ್ರಾಂಕ ಶುಲ್ಕ ಜಾಸ್ತಿ ಬೀಳುತ್ತದೆ, ಎಷ್ಟು ಅಂತ ಅಲ್ಲೇ ವಿಚಾರಿಸಿ. ಅಷ್ಟು ಖರ್ಚು ಯಾಕೆ ಅಂತ ಓನರ್ ಮುಖ ಗಂಟಿಕ್ಕಬಹುದು. ಖರ್ಚು ಹಂಚಿಕೊಳ್ಳುತ್ತೇವೆ ಅನ್ನಿ. ಆಗಲೂ ಒಪ್ಪದಿದ್ದರೆ ಆ ಮನೆ ಬಿಡಿ, ಸುಮ್ನೆ ಬಾಡಿಗೆಗೆ ಬೇರೆ ಮನೆ ನೋಡಿ.

ಈಗಾಗಲೇ ಹಣ ಕೊಟ್ಟಾಗಿದ್ದರೆ ಹೆದರಬೇಡಿ, ಸುಮ್ಮನೆಯೂ ಕೂರಬೇಡಿ. ಬ್ಯಾಂಕ್ ಮೂಲಕ ಹಣ ಹೋದ ದಾಖಲೆ, ಅಗ್ರಿಮೆಂಟಿನ ಅಸಲು ಪ್ರತಿ, ಕರೆಂಟ್ ಬಿಲ್ಲು ಒಂದೇ ಕವರಿನಲ್ಲಿಡಿ. ಇಸಿ ಇವತ್ತೇ ತೆಗೆಸಿ. ಅವಧಿ ಮುಗಿದರೆ 'ಇನ್ನಾರು ತಿಂಗಳು ಇರಿ' ಅನ್ನುವ ಬಾಯಿಮಾತಿಗೆ ಒಪ್ಪಬೇಡಿ, ಬರಹದಲ್ಲಿ ಪಡೆಯಿರಿ. ಹಣ ವಾಪಸ್ ಕೇಳುವ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು ಇರುತ್ತದೆ. ಮತ್ತು ಹಣ ನಿಮ್ಮ ಖಾತೆಗೆ ಬಂದು ಬೀಳುವ ತನಕ, ಓನರ್ ಎಷ್ಟೇ ಒಳ್ಳೆಯವರಾಗಿರಲಿ, ಬೀಗದ ಕೈ ಕೊಡಬೇಡಿ.