ಡಿಕ್ಸಿ ಡೀನ್ ಅವರ 60 ಗೋಲು: ನಿಯಮದ ಕೊಡುಗೆಯೇ, ತಲೆಯ ಕೊಡುಗೆಯೇ?

ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಎವರ್ಟನ್‌ನ ಡಿಕ್ಸಿ ಡೀನ್ 1927–28ರ ಒಂದೇ ಋತುವಿನಲ್ಲಿ 60 ಲೀಗ್ ಗೋಲು ಹೊಡೆದದ್ದು ಆಫ್‌ಸೈಡ್ ನಿಯಮ ಸಡಿಲಗೊಂಡಿದ್ದರಿಂದ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಅರ್ಧ ನಿಜ. 1925ರವರೆಗೆ ಚೆಂಡು ಪಡೆಯುವ ಮುನ್ಪಡೆ ಆಟಗಾರನಿಗೂ ಎದುರಾಳಿಯ ಗೋಲು ಗೆರೆಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳು ಇರಬೇಕಿತ್ತು, ಇಲ್ಲದಿದ್ದರೆ ಅದು ಆಫ್‌ಸೈಡ್ ಎಂಬ ತಪ್ಪು. ನ್ಯೂಕ್ಯಾಸಲ್‌ನ ಬಿಲ್ ಮೆಕ್ರಾಕೆನ್ ಅವರಂಥ ಚತುರ ರಕ್ಷಕರು ಸರಿಯಾದ ಹೊತ್ತಿಗೆ ನಾಲ್ಕು ಹೆಜ್ಜೆ ಮುಂದೆ ಬಂದು ಎದುರಾಳಿಗಳನ್ನು ಆಫ್‌ಸೈಡ್‌ಗೆ ಕೆಡವುತ್ತಿದ್ದರು. ಆಟ ಹೆಜ್ಜೆಹೆಜ್ಜೆಗೂ ನಿಲ್ಲುತ್ತಿತ್ತು. ಮೂವರ ಬದಲು ಇಬ್ಬರು ಸಾಕು ಎಂದು ನಿಯಮ ಬದಲಾದದ್ದೇ ತಡ, ಲೀಗ್‌ನ ಅತ್ಯುನ್ನತ ಹಂತವಾದ ಮೊದಲ ಡಿವಿಜನ್‌ನ ಒಟ್ಟು ಗೋಲುಗಳು ಒಂದೇ ವರ್ಷದಲ್ಲಿ 1,192ರಿಂದ 1,703ಕ್ಕೆ ಜಿಗಿದವು. ಅಲ್ಲಿಯವರೆಗೆ 38 ಇದ್ದ ಆ ಡಿವಿಜನ್‌ನ ವೈಯಕ್ತಿಕ ದಾಖಲೆಯನ್ನು ಬ್ಲ್ಯಾಕ್‌ಬರ್ನ್‌ನ ಟೆಡ್ ಹಾರ್ಪರ್ 43ಕ್ಕೆ ಏರಿಸಿದರು. ಮರುವರ್ಷ ಎರಡನೇ ಡಿವಿಜನ್‌ನಲ್ಲಿ ಮಿಡಲ್ಸ್‌ಬರೊದ ಜಾರ್ಜ್ ಕ್ಯಾಮ್ಸೆಲ್ 59 ಗೋಲು ಹೊಡೆದರು. ಹೀಗಾಗಿ ಬಾಗಿಲು ತೆರೆದದ್ದು ನಿಯಮವೇ ಎನ್ನುವುದರಲ್ಲಿ ಅನುಮಾನವಿಲ್ಲ.

ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿತ್ತು. 1907ರಲ್ಲಿ ಬರ್ಕನ್‌ಹೆಡ್‌ನಲ್ಲಿ ಹುಟ್ಟಿದ ಡೀನ್ ಅವರನ್ನು 1925ರ ಮಾರ್ಚ್‌ನಲ್ಲಿ ಟ್ರಾನ್‌ಮಿಯರ್ ರೋವರ್ಸ್‌ನಿಂದ ಎವರ್ಟನ್ 3,000 ಪೌಂಡ್ ಕೊಟ್ಟು ಕರೆತಂದಿತ್ತು. (‘ಡಿಕ್ಸಿ’ ಎಂಬ ಅಡ್ಡಹೆಸರು ಅವರಿಗೆ ಹಿಡಿಸುತ್ತಿರಲಿಲ್ಲ, ‘ಬಿಲ್’ ಎಂದರೆ ಸಾಕಿತ್ತು.) 1926ರ ಬೇಸಿಗೆಯಲ್ಲಿ ಉತ್ತರ ವೇಲ್ಸ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತವಾಗಿ ತಲೆಬುರುಡೆಯೂ ದವಡೆಯೂ ಮುರಿದಾಗ, ಇನ್ನು ಈ ಹುಡುಗ ಆಡುವುದು ಕಷ್ಟ ಎಂದೇ ವೈದ್ಯರು ಭಾವಿಸಿದ್ದರು. ಆ ಶರತ್ಕಾಲದಲ್ಲೇ ಅವರು ಮೈದಾನಕ್ಕೆ ಮರಳಿದರು. ಮುಂದೆ ಅವರು ಹೆಸರಾದದ್ದು ಆ ಒಡೆದ ತಲೆಯಿಂದಲೇ ಹೊಡೆದ ಹೆಡರ್‌ಗಳಿಗೆ.

1927–28ರ ಋತುವಿನ ಕೊನೆಯ ಮೂರು ಪಂದ್ಯಗಳನ್ನು ನೋಡಿದರೆ ನಿಯಮದ ವಾದ ಎಷ್ಟು ದೂರ ಸಾಗುತ್ತದೆ ಎಂಬುದು ಗೊತ್ತಾಗುತ್ತದೆ. ಕ್ಯಾಮ್ಸೆಲ್ ಅವರನ್ನು ದಾಟಲು ಡೀನ್‌ಗೆ ಒಂಬತ್ತು ಗೋಲು ಬೇಕಿತ್ತು. ಆಸ್ಟನ್ ವಿಲಾ ವಿರುದ್ಧ ಎರಡು, ಬರ್ನ್ಲಿ ವಿರುದ್ಧ ನಾಲ್ಕು ಬಂದವು. ಉಳಿದ ಮೂರನ್ನು 1928ರ ಮೇ 5ರಂದು ತವರು ಮೈದಾನ ಗುಡಿಸನ್ ಪಾರ್ಕ್‌ನಲ್ಲಿ ಆರ್ಸೆನಲ್ ವಿರುದ್ಧವೇ ಹೊಡೆಯಬೇಕಿತ್ತು. ಲೀಗ್ ಪ್ರಶಸ್ತಿ ಆಗಲೇ ಎವರ್ಟನ್‌ಗೆ ಖಾತ್ರಿಯಾಗಿದ್ದರಿಂದ ಸೇರಿದ್ದ ಜನರಿಗೆ ಬೇಕಿದ್ದುದು ಆ ಮೂರು ಗೋಲು ಮಾತ್ರ. ಮೊದಲೆರಡು ಬೇಗನೆ ಬಂದವು, ಎರಡನೆಯದು ಪೆನಾಲ್ಟಿಯಿಂದ. ಮೂರನೆಯದಕ್ಕೆ ಕೊನೆಯ ಹತ್ತು ನಿಮಿಷಗಳವರೆಗೆ ಕಾಯಬೇಕಾಯಿತು. ಎಡಗಡೆಯಿಂದ ಕುಳ್ಳ ವಿಂಗರ್ ಅಲೆಕ್ ಟ್ರೂಪ್ ಎತ್ತಿಕೊಟ್ಟ ಕಾರ್ನರ್ ಕಿಕ್‌ಗೆ ಡೀನ್ ಗುಂಪಿನ ನಡುವಿನಿಂದ ಮೇಲೆದ್ದು ತಲೆಕೊಟ್ಟರು. ಕಾರ್ನರ್ ಕಿಕ್‌ನಿಂದ ನೇರವಾಗಿ ಬರುವ ಚೆಂಡಿಗೆ ಆಫ್‌ಸೈಡ್ ಅನ್ವಯಿಸುವುದೇ ಇಲ್ಲ. ಅಂದರೆ ಅರವತ್ತನೆಯ ಗೋಲಿಗೂ ಹೊಸ ನಿಯಮಕ್ಕೂ ಸಂಬಂಧವಿರಲಿಲ್ಲ. ಆಡಿದ 39 ಪಂದ್ಯಗಳಲ್ಲಿ 60. ತಂಡ ಹೊಡೆದದ್ದು ಒಟ್ಟು 102.

ಇಷ್ಟರಲ್ಲಿ ಆರ್ಸೆನಲ್‌ನ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಮುಂತಾದವರು ಮೈದಾನದ ನಡುವೆ ಆಡುವ ಸೆಂಟರ್ ಹಾಫ್ ಆಟಗಾರನನ್ನು ಹಿಂದಕ್ಕೆಳೆದು ಮೂರನೇ ರಕ್ಷಕನನ್ನಾಗಿ ನಿಲ್ಲಿಸಲಾರಂಭಿಸಿದ್ದರು. ಎದುರಾಳಿ ಸೆಂಟರ್ ಫಾರ್ವರ್ಡ್‌ನ (ಡೀನ್ ಅವರಂತೆ ಮುನ್ಪಡೆಯ ನಡುವೆ ಆಡುವವನ) ಬೆನ್ನಿಗೆ ಅಂಟಿಕೊಂಡಿರುವುದೇ ಅವನ ಕೆಲಸ. ತೆರೆದ ಬಾಗಿಲು ಹೀಗೆ ಮೆಲ್ಲನೆ ಮುಚ್ಚತೊಡಗಿತು. ಡೀನ್ ಬರೀ ನಿಯಮದ ಕೂಸಾಗಿದ್ದರೆ ಅಲ್ಲಿಗೇ ಮಂಕಾಗಬೇಕಿತ್ತು. 1930ರಲ್ಲಿ ಎವರ್ಟನ್ ಎರಡನೇ ಡಿವಿಜನ್‌ಗೆ ಕುಸಿಯಿತು ನಿಜ. ಆದರೆ ಮರುವರ್ಷವೇ ಅದನ್ನು ಗೆದ್ದು ಮೇಲೆ ಬಂದ ತಂಡ 1931–32ರಲ್ಲಿ ಮತ್ತೆ ಲೀಗ್ ಪ್ರಶಸ್ತಿ ಪಡೆದಾಗ ಡೀನ್ ಅವರ ಲೆಕ್ಕದಲ್ಲಿ 45 ಗೋಲುಗಳಿದ್ದವು. ನನ್ನ ಮಟ್ಟಿಗೆ 60ಕ್ಕಿಂತ ಗಟ್ಟಿಯಾದ ಸಾಕ್ಷಿ ಈ 45. 1933ರಲ್ಲಿ ಅವರ ನಾಯಕತ್ವದಲ್ಲೇ ಎವರ್ಟನ್ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 3–0ರಿಂದ ಸೋಲಿಸಿತು.

ಇಂಗ್ಲೆಂಡ್ ಪರ 16 ಪಂದ್ಯಗಳಲ್ಲಿ 18, ಎವರ್ಟನ್ ಪರ 399 ಲೀಗ್ ಪಂದ್ಯಗಳಲ್ಲಿ 349 ಗೋಲು ಹೊಡೆದು ಅವರು 1938ರಲ್ಲಿ ನಾಟ್ಸ್ ಕೌಂಟಿಗೆ ಹೋದರು. ಯುದ್ಧದ ನಂತರ ಚೆಸ್ಟರ್‌ನಲ್ಲಿ ಪಬ್ ನಡೆಸಿದರು. 1980ರ ಮಾರ್ಚ್ 1ರಂದು ಗುಡಿಸನ್ ಪಾರ್ಕ್‌ನಲ್ಲಿ ಎವರ್ಟನ್–ಲಿವರ್‌ಪೂಲ್ ಪಂದ್ಯ ನೋಡುತ್ತಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು.