ಬಡ್ತಿ ಕಡತದಲ್ಲಿ ಪಡಿಯಚ್ಚಿಗೆ ಎಷ್ಟು ಅಂಕ?

ಲಕ್ಕುಂಡಿಯಲ್ಲಿ ಸವೆದ ಶಾಸನವೊಂದನ್ನು ಸರಿಯಾಗಿ ಓದಬೇಕೆಂದರೆ ಮೊದಲು ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರಗಳ ಕಾಗದದ ಅಚ್ಚು, ತೆಗೆಯಬೇಕು. ಕಲ್ಲಿಗೆ ನೀರು ಹಾಕಿ ಬ್ರಷ್‌ನಿಂದ ತಿಕ್ಕಿ, ಅಕ್ಷರದ ಕುಳಿಗಳಲ್ಲಿ ಕೂತ ಮಣ್ಣು, ಸುಣ್ಣ, ಎಣ್ಣೆಜಿಡ್ಡು ತೆಗೆಯಬೇಕು. ನೆನೆಸಿದ ಕಾಗದವನ್ನು ಮೇಲೆ ಹಾಸಿ, ಗಾಳಿಗುಳ್ಳೆ ಉಳಿಯದಂತೆ ಬ್ರಷ್‌ನಿಂದ ಬಡಿಯುತ್ತ ಕುಳಿಯೊಳಕ್ಕೆ ಇಳಿಸಬೇಕು. ಕಾಗದ ಅರೆ ಒಣಗಿದಾಗ ಮಸಿ ಒತ್ತಬೇಕು. ಅವಸರ ಮಾಡಿದರೆ ಮಸಿ ಹರಡಿ ಅಕ್ಷರ ಮುಚ್ಚುತ್ತದೆ, ತಡವಾದರೆ ಕಾಗದ ಕಲ್ಲು ಬಿಟ್ಟು ಏಳುತ್ತದೆ. ಗದಗ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಈ ಎರಡರ ನಡುವಿನ ಹೊತ್ತು ತೀರಾ ಕಡಿಮೆ, ಹಾಗಾಗಿ ಕೆಲಸ ಬೆಳಿಗ್ಗೆಯೇ ಮುಗಿಯಬೇಕು. ಆಮೇಲೆ ಓದು, ಪಾಠ ನಿರ್ಣಯ, ತಿಥಿ ಗಣನೆ, ಬೇರೆ ಶಾಸನಗಳ ಜೊತೆ ಹೋಲಿಕೆ. ಇಷ್ಟೆಲ್ಲ ಒಂದು ಲೇಖನವಾಗಿ ಅಚ್ಚಾದರೆ ಅಧ್ಯಾಪಕರ ಬಡ್ತಿ ಕಡತದಲ್ಲಿ ಬೀಳುವ ಅಂಕ 10. ಪಡಿಯಚ್ಚಿಗೆ ಪ್ರತ್ಯೇಕ ಕಾಲಮ್ಮೇ ಇಲ್ಲ.

ಧಾರವಾಡಕ್ಕೆ ಈ ಕೆಲಸ ಹೊಸದಲ್ಲ. ಕನ್ನಡ ಸಂಶೋಧನಾ ಸಂಸ್ಥೆ ಇಲ್ಲಿ ಶುರುವಾದದ್ದು 1939ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯಕ್ಕಿಂತ ಒಂದು ದಶಕ ಮೊದಲು. ಆಗ ಸಾಧನೆಯನ್ನು ಅಂಕದಲ್ಲಿ ಅಳೆಯುವ ರಾಷ್ಟ್ರೀಯ ಕೋಷ್ಟಕ ಇರಲಿಲ್ಲ. 1986ರ ವೇತನ ಪರಿಷ್ಕರಣೆಯ ಜೊತೆ ವೃತ್ತಿ ಮುನ್ನಡೆ ಯೋಜನೆ ಬಂತು. ಇಷ್ಟು ವರ್ಷ ಸೇವೆ, ಇಂತಿಂಥ ತರಬೇತಿ ಎಂದು ಬಡ್ತಿಗೆ ಮೆಟ್ಟಿಲುಗಳಾದವು. ಅಂಕದ ಯುಗ ನಿಜವಾಗಿ ಶುರುವಾದದ್ದು 2010ರಲ್ಲಿ.

ಆ ವರ್ಷ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಂದ ಎಪಿಐ ಎಂಬ, ಅಧ್ಯಾಪಕರ ಸಾಧನೆಯನ್ನು ಅಂಕದಲ್ಲಿ ಅಳೆಯುವ ಪದ್ಧತಿಯಲ್ಲಿ ಬೋಧನೆ, ಸಹಪಠ್ಯ ಚಟುವಟಿಕೆ, ಸಂಶೋಧನೆ ಎಂಬ ಮೂರು ವಿಭಾಗಗಳಿದ್ದವು. ಪರಿಣತರು ಪರಿಶೀಲಿಸಿದ ಪತ್ರಿಕೆಯ ಲೇಖನಕ್ಕೆ 15 ಅಂಕ, ಪರಿಶೀಲನೆ ಇಲ್ಲದಿದ್ದರೂ ಐಎಸ್‌ಎಸ್‌ಎನ್ ಸಂಖ್ಯೆ ಇದ್ದರೆ 10. ತೊಂದರೆ ಹುಟ್ಟಿದ್ದೇ ಈ ಎರಡನೇ ಸಾಲಿನಿಂದ. ಐಎಸ್‌ಎಸ್‌ಎನ್ ಪತ್ರಿಕೆಯ ಗುರುತಿನ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆಯಲ್ಲ. ಆದರೂ ಸಂಖ್ಯೆಯೊಂದಿದ್ದರೆ ಸಾಕು ಎಂಬಂತಾಗಿ, ದುಡ್ಡು ತೆಗೆದುಕೊಂಡು ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದವು.

ತಡೆಯಲು 2017ರ ಜನವರಿಯಲ್ಲಿ ಯುಜಿಸಿ ಒಪ್ಪಿತ ಪತ್ರಿಕೆಗಳ ಪಟ್ಟಿ ಹೊರಡಿಸಿತು. ಪಟ್ಟಿಯೇ 38 ಸಾವಿರ ದಾಟಿತ್ತು. ಮರುವರ್ಷದ ಮೇ ತಿಂಗಳಲ್ಲಿ 4,305 ಹೆಸರುಗಳನ್ನು ತೆಗೆಯಬೇಕಾಯಿತು. ಆಗ ಸೋಸಲು ಬಂದದ್ದು ಕೇರ್ ಎಂಬ, ಗುಣಮಟ್ಟ ನೋಡಿ ಒಪ್ಪಿದ ಪತ್ರಿಕೆಗಳ ಹೊಸ ಪಟ್ಟಿ, 2019ರ ಜೂನ್‌ನಿಂದ.

ನಡುವೆ 2018ರ ಜುಲೈನಲ್ಲಿ ಎಪಿಐ ಹೋಗಿ ಹೊಸ ನಿಯಮ ಬಂತು. ಬೋಧನೆಗೆ ಅಂಕದ ಬದಲು ದರ್ಜೆ: ಹಂಚಿಕೆಯಾದ ತರಗತಿಗಳಲ್ಲಿ ಶೇ 80 ಅಥವಾ ಹೆಚ್ಚು ತೆಗೆದುಕೊಂಡರೆ ಉತ್ತಮ, ಶೇ 70ರಿಂದ 80ರೊಳಗೆ ತೃಪ್ತಿಕರ. ಸಂಶೋಧನೆಗೆ ಮಾತ್ರ ಅಂಕ ಉಳಿಯಿತು. ವಿಜ್ಞಾನ, ಎಂಜಿನಿಯರಿಂಗ್, ಕೃಷಿಯವರ ಲೇಖನಕ್ಕೆ 8, ಭಾಷೆ ಮತ್ತು ಸಮಾಜ ವಿಜ್ಞಾನದವರ ಲೇಖನಕ್ಕೆ 10. ರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 10, ಅನುವಾದಿತ ಪುಸ್ತಕಕ್ಕೆ 8, ಸಂಪಾದಿತ ಗ್ರಂಥದ ಒಂದು ಅಧ್ಯಾಯಕ್ಕೆ 5, ಪದವಿ ಪಡೆದ ಪ್ರತಿ ಪಿಎಚ್‌ಡಿ ವಿದ್ಯಾರ್ಥಿಗೆ 10. ಅನುವಾದಕ್ಕೆ ಇಷ್ಟಾದರೂ ಸ್ಥಾನ ಸಿಕ್ಕಿದ್ದು ಒಳ್ಳೆಯದೇ ಆಯಿತು.

ಕಡತಗಳು ಮುಗ್ಗರಿಸುವುದು ಹೆಚ್ಚಾಗಿ ಹಂಚಿಕೆಯ ಲೆಕ್ಕದಲ್ಲಿ. ಇಬ್ಬರು ಸೇರಿ ಬರೆದ 10 ಅಂಕದ ಲೇಖನಕ್ಕೆ ಇಬ್ಬರಿಗೂ ಐದೈದು ಅಂತ ಹಾಕುವವರಿದ್ದಾರೆ. ನಿಯಮದ ಪ್ರಕಾರ ತಲಾ 7. ಮೂವರು ಅಥವಾ ಹೆಚ್ಚು ಮಂದಿ ಇದ್ದರೆ ಮುಖ್ಯ ಲೇಖಕರಿಗೆ 7, ಉಳಿದ ಒಬ್ಬೊಬ್ಬರಿಗೆ 3. ಪ್ರೊಫೆಸರ್ ಬಡ್ತಿಗೆ ಬೇಕಾದ ಅಂಕ 110, ಜೊತೆಗೆ ಕನಿಷ್ಠ 10 ಲೇಖನ, ಅದರಲ್ಲಿ 3 ಮೌಲ್ಯಮಾಪನದ ಅವಧಿಯಲ್ಲೇ ಬಂದಿರಬೇಕು. ಉಪನ್ಯಾಸ, ಪ್ರಬಂಧ ಮಂಡನೆ, ನೀತಿ ದಾಖಲೆಗಳಿಂದ ಬರುವ ಅಂಕ ಒಟ್ಟಿನ ಶೇ 30 ಮೀರುವಂತಿಲ್ಲ; ಅಂದರೆ 110ರಲ್ಲಿ 33. ಸಂಶೋಧನಾ ಅಂಕದ ಆರು ವಿಭಾಗಗಳಲ್ಲಿ ಕನಿಷ್ಠ ಮೂರರಿಂದ ಅಂಕ ಬಂದಿರಬೇಕು ಎಂಬುದನ್ನು ಮರೆತು, ಬರೀ ಲೇಖನ ಮತ್ತು ಪುಸ್ತಕದ ಮೇಲೆ ನಿಂತವರಿಗೂ ಕಷ್ಟವಾಗುತ್ತದೆ. ಸೆಮಿನಾರಿನಲ್ಲಿ ಓದಿದ ಪ್ರಬಂಧವೇ ಆಮೇಲೆ ಪುಸ್ತಕದ ಅಧ್ಯಾಯವಾದರೆ ಅಂಕ ಒಂದೇ ಸಲ. ಅರ್ಹತೆಯ ದಿನಕ್ಕೆ ಮೂರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಒಮ್ಮೆ ತಿರಸ್ಕೃತವಾದರೆ ಮರುಪರಿಶೀಲನೆಗೆ ಒಂದು ವರ್ಷ ಕಾಯಬೇಕು.

ಕನ್ನಡದಲ್ಲಿ ಬರೆಯುವವರ ಸಂಕಟ ಇದಕ್ಕಿಂತ ಆಳದ್ದು. ಸ್ಕೋಪಸ್‌ನಂಥ ಜಾಗತಿಕ ಪತ್ರಿಕಾ ಸೂಚಿ ಇಂಗ್ಲಿಷ್ ಸಾರಾಂಶವನ್ನೂ ರೋಮನ್ ಲಿಪಿಯ ಆಧಾರಸೂಚಿಯನ್ನೂ ಕೇಳುತ್ತದೆ. ಹಳಗನ್ನಡ ಪದ್ಯದ ಪಾಠಾಂತರ ಚರ್ಚಿಸುವ, ಹಾವೇರಿ ಸೀಮೆಯ ಡೊಳ್ಳಿನ ಪದಗಳನ್ನು ವಿಶ್ಲೇಷಿಸುವ ಪತ್ರಿಕೆ ಹಾಗೆ ರೂಪುಗೊಂಡಿರುವುದಿಲ್ಲ. ಹೀಗಾಗಿ ಕೇರ್‌ನ ಮೊದಲ ಗುಂಪು (ಜಾಗತಿಕ ಸೂಚಿಯಲ್ಲಿ ಇಲ್ಲದಿದ್ದರೂ ಕೇರ್ ಪರಿಶೀಲಿಸಿ ಒಪ್ಪಿದ ಪತ್ರಿಕೆಗಳು) ಕನ್ನಡ ಪತ್ರಿಕೆಗಳಿಗೆ ಮುಖ್ಯ ಬಾಗಿಲಾಯಿತು. 2025ರ ಫೆಬ್ರುವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸಿ, ಪತ್ರಿಕೆಯ ಗುಣಮಟ್ಟ ನಿರ್ಧರಿಸುವ ಹೊಣೆಯನ್ನು ಆಯಾ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಬಿಟ್ಟಿತು. ಅದರ ಹಿಂದಿನ ತಿಂಗಳು ಬಂದ ಕರಡು ನಿಯಮದಲ್ಲಿ ಅಂಕಪಟ್ಟಿಯ ಜಾಗದಲ್ಲಿ ಒಂಬತ್ತು ಗಮನಾರ್ಹ ಕೊಡುಗೆಗಳಿದ್ದು, ಅವುಗಳಲ್ಲಿ ಕನಿಷ್ಠ ನಾಲ್ಕು ಇರಬೇಕಿತ್ತು. ಭಾರತೀಯ ಭಾಷೆಗಳಲ್ಲಿನ ಬೋಧನೆಯೂ ಅದರಲ್ಲೊಂದು. ಆದರೆ ಕುಲಪತಿ ನೇಮಕದ ಅಂಶಗಳಿಂದಾಗಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಆ ಕರಡನ್ನು ವಿರೋಧಿಸಿದವು. ಆ ಗದ್ದಲದಲ್ಲಿ ಭಾಷೆಯ ಅಂಶದ ಚರ್ಚೆ ಹಿಂದೆ ಬಿತ್ತು.

ಪಟ್ಟಿ ನಿಂತದ್ದರಿಂದ ಕನ್ನಡ ವಿಭಾಗಗಳಿಗೆ ಒಂದು ಅವಕಾಶವೂ ಸಿಕ್ಕಿದೆ. ಗದಗದ ಗ್ರಾಮೀಣಾಭಿವೃದ್ಧಿ ವಿವಿ ಇರಲಿ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿವಿ ಇರಲಿ, ಕ್ಷೇತ್ರಕಾರ್ಯವೇ ಜೀವಾಳವಾದ ಸಂಸ್ಥೆಗಳು ತಮ್ಮ ವಿಷಯಕ್ಕೆ ಯಾವ ಪತ್ರಿಕೆ ಯೋಗ್ಯ ಎಂದು ತಾವೇ ಹೇಳಬಹುದು. ಕಾರಣ ಬರೆಯದೆ ಹೆಸರಷ್ಟೇ ಸೇರಿಸಿದರೆ ಮಾತ್ರ 2010ರ ಕಥೆಯೇ ಮತ್ತೆ. ಸಂಪಾದಕ ಮಂಡಳಿ ಯಾರದು, ಪರಿಶೀಲನೆ ಹೇಗೆ ನಡೆಯುತ್ತದೆ, ಸಂಚಿಕೆಗಳು ಹೇಳಿದ ಹೊತ್ತಿಗೆ ಬರುತ್ತವೆಯೇ, ಶುಲ್ಕ ಇದೆಯೇ, ಐಎಸ್‌ಎಸ್‌ಎನ್ ಸಂಖ್ಯೆ ಅಂತರರಾಷ್ಟ್ರೀಯ ಪೋರ್ಟಲ್‌ನಲ್ಲಿ ಅದೇ ಹೆಸರಿಗೆ ತೋರುತ್ತದೆಯೇ ಎಂದು ನೋಡಿ ನಡಾವಳಿಯಲ್ಲಿ ದಾಖಲಿಸಬೇಕು. ಕೊನೆಯ ಪರೀಕ್ಷೆ ಬಿಡಲೇಬಾರದು, ಹೆಸರಾಂತ ಪತ್ರಿಕೆಯ ಸಂಖ್ಯೆ ಕದ್ದು ನಕಲಿ ಜಾಲತಾಣ ನಡೆಸುವವರಿದ್ದಾರೆ.

ಕೇರ್ ಕಾಲದ ಲೇಖನ ಇರುವವರು, ಅದು ಪ್ರಕಟವಾದ ದಿನ ಪತ್ರಿಕೆ ಪಟ್ಟಿಯಲ್ಲಿತ್ತು ಎಂಬುದಕ್ಕೆ ದಿನಾಂಕವಿರುವ ಮುದ್ರಿತ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಲಿ. ಈಗ ಬರೆಯುತ್ತಿರುವವರು ಲೇಖನ ಕಳಿಸುವ ಮೊದಲೇ ತಮ್ಮ ಸಂಸ್ಥೆಯ ಸಮಿತಿಯಿಂದ ಪತ್ರಿಕೆಗೆ ಲಿಖಿತ ಒಪ್ಪಿಗೆ ಪಡೆಯಲಿ. ಪಡಿಯಚ್ಚು ತೆಗೆದವರು ಅದರ ಸ್ಥಳ, ದಿನಾಂಕ, ಅಳತೆ ಬರೆದು ವಿಭಾಗದ ದಾಖಲೆಗೆ ಸೇರಿಸಲಿ. ಇವತ್ತು ಅದಕ್ಕೆ ಅಂಕವಿಲ್ಲ, ಆದರೆ ಕಲ್ಲು ಸವೆದ ಮೇಲೆ ಆ ಅಕ್ಷರಗಳಿಗೆ ಸಾಕ್ಷಿಯಾಗಿ ಉಳಿಯುವುದು ಆ ಕಾಗದವೇ.